ಅಜ್ಜ ಕೌನ್ಸಿಲ್ ಮೆಂಬರ್ ಆಗಿದ್ದರಂತೆ: ಪತ್ತೆ ಮಾಡುವುದು ಹೇಗೆ?

ನಮ್ಮ ತರವಾಡು ಮನೆಯ ಚಾವಡಿಯಲ್ಲಿ ಒಂದು ಗ್ರೂಪ್ ಫೋಟೋ ಇದೆ. ನಡುವೆ ಕುರ್ಚಿಯಲ್ಲಿ ಒಬ್ಬ ದೊರೆ, ಅಕ್ಕಪಕ್ಕ ಪೇಟಾ ಸುತ್ತಿದ ಹದಿನಾರು ಮಂದಿ. ಹಿಂದಿನ ಸಾಲಿನ ಎಡತುದಿಯಲ್ಲಿ ಕೊಡೆ ಹಿಡಿದು ನಿಂತವರು ನನ್ನ ಮುತ್ತಜ್ಜ. "ಮದ್ರಾಸ್ ಕೌನ್ಸಿಲ್ ಮೆಂಬರ್ ಆಗಿದ್ದವರು", ಅಂದರೆ ಬ್ರಿಟಿಷರ ಕಾಲದ ಮದ್ರಾಸ್ ಪ್ರಾಂತದ ಕಾಯಿದೆ ಮಾಡುವ ಸಭೆಯಲ್ಲಿ ಕೂತವರು ಎಂದು ಮೂರು ತಲೆಮಾರಿನಿಂದ ಮನೆಯಲ್ಲಿ ಹೇಳಿಕೊಂಡು ಬಂದಿದ್ದೇವೆ. ನಿವೃತ್ತಿಯಾದ ಮೇಲೆ ಇದರ ಬೆನ್ನು ಬಿದ್ದೆ. ಎರಡು ವರ್ಷ ಹಿಡಿಯಿತು. ನಾನು ಮಾಡಿದ ತಪ್ಪುಗಳನ್ನು ಬಿಟ್ಟರೆ ನಿಮಗೆ ಎರಡು ತಿಂಗಳು ಸಾಕು.

ಹೆಸರನ್ನು ಆಮೇಲೆ ಹುಡುಕಿ. ಊರು ಆಗ ಯಾರ ಆಡಳಿತದಲ್ಲಿತ್ತು ಎಂಬುದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ಈಗಿನ ಕರ್ನಾಟಕ ಆಗ ಹಲವು ಚೂರು. ಮಂಗಳೂರು, ಬಳ್ಳಾರಿ, ಕೊಳ್ಳೇಗಾಲ ಮದ್ರಾಸಿಗೆ ಸೇರಿದ್ದವು. ಧಾರವಾಡ, ಬೆಳಗಾವಿ, ಬಿಜಾಪುರ ಮುಂಬಯಿಗೆ. ಉತ್ತರ ಕನ್ನಡವೂ 1862ರಿಂದ ಮುಂಬಯಿಗೇ, ಅದಕ್ಕೂ ಮೊದಲು ಮದ್ರಾಸಿಗೆ. ಬೀದರ್, ಗುಲ್ಬರ್ಗ, ರಾಯಚೂರು ನಿಜಾಮರದ್ದು. ಕೊಡಗಿಗೆ 1924ರಲ್ಲಿ ಅದರದೇ ಕೌನ್ಸಿಲ್ ಬಂತು. ಮೈಸೂರು ಸಂಸ್ಥಾನದ ಕಥೆಯೇ ಬೇರೆ, ಅದಕ್ಕೆ ಮುಂದೆ ಬರುತ್ತೇನೆ. ಧಾರವಾಡದವರು ಚೆನ್ನೈಗೆ ಹೋಗಿ ಕಡತ ಕೇಳಿದರೆ ರೈಲು ಚಾರ್ಜು ದಂಡ.

ಊರು ಗೊತ್ತಾದ ಮೇಲೆ ಕಾಲ. ಮನೆಯವರು "ಬ್ರಿಟಿಷರ ಕಾಲ" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಆದರೆ ಆ ಕಾಲದೊಳಗೇ ಕೌನ್ಸಿಲ್ ನಾಲ್ಕು ಸಲ ಮಗ್ಗುಲು ಬದಲಿಸಿತು. 1861ರ ಕಾಯಿದೆಯಲ್ಲಿ ಗವರ್ನರನ ಕೌನ್ಸಿಲಿಗೆ ಅಡ್ವೊಕೇಟ್ ಜನರಲ್ ಅಲ್ಲದೆ ನಾಲ್ಕರಿಂದ ಎಂಟು ಮಂದಿ ಹೆಚ್ಚುವರಿ ಸದಸ್ಯರು, ಅಷ್ಟೇ. ಎಲ್ಲರೂ ಗವರ್ನರ್ ಕರೆದು ಕೂರಿಸಿದವರು, ಅವಧಿ ಎರಡು ವರ್ಷ. ಮದ್ರಾಸಿನ ವರ್ತಕ ಗಾಜುಲ ಲಕ್ಷ್ಮೀನರಸು ಚೆಟ್ಟಿ 1863ರಲ್ಲಿ ಮದ್ರಾಸ್ ಕೌನ್ಸಿಲಿಗೆ ಹೋದದ್ದು ಹೀಗೆ. ಇಷ್ಟು ಸಣ್ಣ ಪಟ್ಟಿಯಲ್ಲಿ ನಿಮ್ಮ ಅಜ್ಜ ಇದ್ದಿದ್ದರೆ ನಿಮಗೆ ಈ ಬರಹ ಬೇಕಾಗುತ್ತಿರಲಿಲ್ಲ, ಊರಲ್ಲಿ ಅವರ ಹೆಸರಿನ ಒಂದು ರಸ್ತೆ ಇರುತ್ತಿತ್ತು.

1892ರ ಕಾಯಿದೆಯಿಂದ ಮದ್ರಾಸ್, ಮುಂಬಯಿಗಳಲ್ಲಿ ಹೆಚ್ಚುವರಿ ಸದಸ್ಯರು ಇಪ್ಪತ್ತರವರೆಗೆ ಏರಿದರು. ಮುನಿಸಿಪಾಲಿಟಿ, ಡಿಸ್ಟ್ರಿಕ್ಟ್ ಬೋರ್ಡು (ಆಗಿನ ಜಿಲ್ಲಾಮಟ್ಟದ ಸ್ಥಳೀಯ ಆಡಳಿತ), ಯುನಿವರ್ಸಿಟಿ, ವ್ಯಾಪಾರಿಗಳ ಚೇಂಬರು ಇವೆಲ್ಲ ಹೆಸರು ಸೂಚಿಸಬಹುದಿತ್ತು. ಚುನಾವಣೆ ಎಂಬ ಪದವನ್ನು ಮಾತ್ರ ಕಾಯಿದೆ ಬಾಯಿಬಿಟ್ಟು ಹೇಳಲಿಲ್ಲ! ಆ ಪದ ಬಂದದ್ದು 1909ರಲ್ಲಿ. ಆಗ ಮದ್ರಾಸಿನಲ್ಲಿ ಐವತ್ತರವರೆಗೆ ಸದಸ್ಯರಾಗಬಹುದಿತ್ತು, ಅವಧಿ ಮೂರು ವರ್ಷ. ಊರಿನ ಜನ ನೇರವಾಗಿ ಮತ ಹಾಕಿದ್ದು 1920ರ ಕೊನೆಗೆ ನಡೆದ ಚುನಾವಣೆಯಲ್ಲಿ. ಅದೂ ಕಂದಾಯ, ತೆರಿಗೆ ಕಟ್ಟುವ ಕೆಲವರು ಮಾತ್ರ.

ಫೋಟೋದ ಕೆಳಗೆ ಅಥವಾ ಹಳೆಯ ಲಗ್ನಪತ್ರಿಕೆಯಲ್ಲಿ ಹೆಸರಿನ ಹಿಂದುಮುಂದೆ ಏನಿದೆ ನೋಡಿ. "ಆನರಬಲ್" ಎಂದಿದ್ದರೆ ಹೆಚ್ಚಾಗಿ 1920ಕ್ಕಿಂತ ಹಿಂದಿನ ಸದಸ್ಯರು. "ಎಂ.ಎಲ್.ಸಿ." ಎಂದಿದ್ದರೆ ಆಮೇಲಿನವರು. ಇಲ್ಲೊಂದು ಗುಂಡಿ ಇದೆ. 1937ರವರೆಗೆ ಮದ್ರಾಸಿನಲ್ಲೂ ಮುಂಬಯಿಯಲ್ಲೂ ಇದ್ದದ್ದು ಒಂದೇ ಸದನ, ಹಾಗಾಗಿ ಜನ ಆರಿಸಿದವರೂ ಎಂ.ಎಲ್.ಸಿ.ಗಳೇ. ಎರಡು ಸದನ ಆದ ಮೇಲೆ ಆ ಮೂರಕ್ಷರ ಮೇಲ್ಮನೆಗೆ ಹೋಯಿತು. 1926ರ ಎಂ.ಎಲ್.ಸಿ.ಯನ್ನು ಈಗಿನ ವಿಧಾನ ಪರಿಷತ್ತಿನವರ ಹಾಗೆ ಎಣಿಸಬೇಡಿ.

ಮೂರನೆಯದು, ಅವರು ಯಾವ ಬಾಗಿಲಿನಿಂದ ಒಳಗೆ ಹೋದರು? ನನ್ನ ಮಟ್ಟಿಗೆ ಇಡೀ ಹುಡುಕಾಟದ ಬೀಗದಕೈ ಇದೇ. ಗವರ್ನರ್ ನೇಮಿಸಿದವರಾದರೆ ಸರ್ಕಾರಿ ಗೆಜೆಟ್ಟಿನಲ್ಲಿ ಒಂದು ನೋಟಿಫಿಕೇಶನ್ ಇರಲೇಬೇಕು. ಬೋರ್ಡಿನವರು ಕಳಿಸಿದವರಾದರೆ ಜಿಲ್ಲೆಯ ಕಡತಗಳಲ್ಲೂ ಜಾಡು ಇರುತ್ತದೆ. 1920ರ ನಂತರದವರಾದರೆ ಮತಕ್ಷೇತ್ರ ಯಾವುದು ಎಂದು ಕೇಳಿ. ಸಾಮಾನ್ಯ ಗ್ರಾಮಾಂತರ ಕ್ಷೇತ್ರವಲ್ಲದೆ ಮುಸ್ಲಿಮರಿಗೆ, ಭಾರತೀಯ ಕ್ರೈಸ್ತರಿಗೆ, ಜಮೀನ್ದಾರರಿಗೆ, ಪ್ಲಾಂಟರುಗಳಿಗೆ, ಯುನಿವರ್ಸಿಟಿಗೆ ಬೇರೆಬೇರೆ ಸ್ಥಾನಗಳಿದ್ದವು. ಜಿಲ್ಲೆಯ ಹೆಸರಿನಡಿ ಮಾತ್ರ ಹುಡುಕಿ, "ಇಲ್ಲ" ಎಂದು ಕೈಬಿಟ್ಟವರನ್ನು ನಾನು ಕಂಡಿದ್ದೇನೆ. ಹೆಂಗಸರ ಹೆಸರು 1926ಕ್ಕಿಂತ ಮೊದಲು ಮದ್ರಾಸ್ ಕೌನ್ಸಿಲಿನಲ್ಲಿ ಸಿಗುವುದಿಲ್ಲ. ಆ ವರ್ಷ ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಚುನಾವಣೆಗೆ ನಿಂತು ಸ್ವಲ್ಪದರಲ್ಲಿ ಸೋತರು. ಮದ್ರಾಸಿನ ವೈದ್ಯೆ ಮುತ್ತುಲಕ್ಷ್ಮಿ ರೆಡ್ಡಿ ನೇಮಕದ ಬಾಗಿಲಿನಿಂದ ಒಳಗೆ ಹೋದರು.

ಈಗ ಕಾಗದ. ಮದ್ರಾಸಿಗೆ ಫೋರ್ಟ್ ಸೇಂಟ್ ಜಾರ್ಜ್ ಗೆಜೆಟ್ ಮತ್ತು ಕೌನ್ಸಿಲಿನ ನಡಾವಳಿ ಸಂಪುಟಗಳು. ಚೆನ್ನೈ ಎಗ್ಮೋರಿನ ತಮಿಳುನಾಡು ಪತ್ರಾಗಾರಕ್ಕೆ ಹೋಗಿ. ಮುಂಬಯಿಯದ್ದಾದರೆ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ಮಹಾರಾಷ್ಟ್ರದ ಪತ್ರಾಗಾರ. ಕೆಲವು ಸಂಪುಟ ಸ್ಕ್ಯಾನ್ ಆಗಿ ಆರ್ಕೈವ್ ಡಾಟ್ ಆರ್ಗ್‌ನಲ್ಲೂ ಸಿಗುತ್ತವೆ. ನಡಾವಳಿ ಸಿಕ್ಕ ಕೂಡಲೇ ಭಾಷಣಗಳಿಗೆ ಹಾರಬೇಡಿ. ಸಭೆಯ ವರದಿಯ ಮೊದಲ ಪುಟದಲ್ಲೇ ಆ ದಿನ ಹಾಜರಿದ್ದವರ ಹೆಸರು ಇರುತ್ತದೆ, ಅದನ್ನು ಓದಿ. ಬಾಯಿ ಬಿಡದೆ ಮೂರು ವರ್ಷ ಕುಳಿತು ಬಂದವರೂ ಅಲ್ಲಿ ಸಿಕ್ಕಿಬೀಳುತ್ತಾರೆ. ಮಾತಾಡಿದವರಾದರೆ ಪ್ರಶ್ನೋತ್ತರದ ಭಾಗ ನೋಡಿ. ಪ್ರಶ್ನೆ ಕೇಳುವ ಹಕ್ಕು 1892ರ ಕಾಯಿದೆಯಿಂದ ಬಂತು. ಊರಿನ ಸೇತುವೆ, ಕುಮ್ಕಿ (ಸಾಗುವಳಿ ಜಮೀನಿಗೆ ತಾಗಿದ, ರೈತರಿಗೆ ಬಳಸುವ ಹಕ್ಕಿದ್ದ ಸರ್ಕಾರಿ ಜಾಗ), ಕಂದಾಯ ಎಂಬಂಥ ಪ್ರಶ್ನೆಗಳಲ್ಲಿ ಮನುಷ್ಯನ ದನಿ ಕೇಳುತ್ತದೆ. ಭಾಷಣದಲ್ಲಿ ಬರೀ ಇಂಗ್ಲಿಷ್ ಕೇಳುತ್ತದೆ.

ಹೆಸರಿನ ಕಾಟ ಮಾತ್ರ ಕೇಳಬೇಡಿ. ಮದ್ರಾಸಿನ ಪಟ್ಟಿಗಳಲ್ಲಿ ಸಾಲುಸಾಲಾಗಿ "ಎಂ. ಆರ್. ಆರ್‌ವೈ." ಎಂಬ ಇನಿಷಿಯಲ್ಲು ಕಂಡು, ಇದೆಂಥ ದೊಡ್ಡ ಮನೆತನವಪ್ಪ ಎಂದು ಒಂದು ಮಧ್ಯಾಹ್ನವಿಡೀ ನೋಟುಪುಸ್ತಕದಲ್ಲಿ ವಂಶವೃಕ್ಷ ಬರೆದೆ. ಅದು ಇನಿಷಿಯಲ್ಲೇ ಅಲ್ಲ, ಮಹಾರಾಜರಾಜಶ್ರೀ! ಈಗಿನ "ಶ್ರೀ" ಇದ್ದ ಹಾಗೆ. ಹೆಸರಿನ ಬಾಲದಲ್ಲಿ ಬರುವ "ಅವರ್ಗಳ್", "ಗಾರು" ಕೂಡ ಹೆಸರಿನ ಭಾಗವಲ್ಲ, ಕಿತ್ತುಹಾಕಿ. ರಾವ್ ಬಹಾದ್ದೂರ್, ದಿವಾನ್ ಬಹಾದ್ದೂರ್ ಬಿರುದುಗಳನ್ನು ಮಾತ್ರ ಬಿಡಬೇಡಿ: ಅವುಗಳನ್ನು ಕೊಟ್ಟ ದಿನ ಗೆಜೆಟ್ಟಿನಲ್ಲಿ ಇರುವುದರಿಂದ ನಿಮ್ಮ ಪಟ್ಟಿ ಅದಕ್ಕಿಂತ ಹಿಂದಿನದೋ ಮುಂದಿನದೋ ತಿಳಿಯುತ್ತದೆ. ಇನ್ನು ಕಾಗುಣಿತ. "ರಾವ್" ಎಂಬ ಒಂದೇ ಹೆಸರು ಆರ್-ಎ-ಓ, ಆರ್-ಎ-ಯು, ಆರ್-ಓ-ಡಬ್ಲ್ಯು ಎಂದು ಮೂರು ವೇಷ ಹಾಕುತ್ತದೆ. ಶೆಟ್ಟಿಗೆ ಎಷ್ಟು ವೇಷವೋ ನಾನು ಎಣಿಸಿಲ್ಲ. ಕಂಪ್ಯೂಟರಿನಲ್ಲಿ ಒಂದೇ ರೂಪ ಹೊಡೆದು ಮೂರು ತಿಂಗಳು ಕಳೆದುಕೊಂಡವನು ನಾನು.

ಮೈಸೂರಿನವರು ಇಲ್ಲಿ ಗಮನಿಸಿ. ನಿಮ್ಮಲ್ಲಿ ಎರಡು ಸಭೆಗಳಿದ್ದವು. ದಿವಾನ್ ರಂಗಾಚಾರ್ಲು ಶುರುಮಾಡಿದ ಪ್ರಜಾಪ್ರತಿನಿಧಿ ಸಭೆ 1881ರ ಅಕ್ಟೋಬರ್ 7ರಂದು 144 ಸದಸ್ಯರೊಂದಿಗೆ ಮೊದಲ ಸಲ ಸೇರಿತು. ವರ್ಷ ವರ್ಷವೂ ದಸರಾಕ್ಕೆ ತಾಲೂಕುಗಳಿಂದ ರೈತರು, ವರ್ತಕರು ಬಂದು ಅಹವಾಲು ಹೇಳುತ್ತಿದ್ದ ಸಭೆ ಅದು. ಕಾಯಿದೆ ಮಾಡುವ ಕೆಲಸಕ್ಕೆ 1907ರಲ್ಲಿ ನ್ಯಾಯವಿಧಾಯಕ ಸಭೆ ಬಂತು; ಡಿವಿಜಿ ಸದಸ್ಯರಾಗಿದ್ದದ್ದು ಇದರಲ್ಲಿ. "ಅಜ್ಜ ದಸರಾಕ್ಕೆ ಮೈಸೂರಿಗೆ ಹೋಗಿ ದಿವಾನರ ಎದುರು ಮಾತಾಡಿದ್ದರು" ಎಂದು ಮನೆಯಲ್ಲಿ ಹೇಳುತ್ತಿದ್ದರೆ ಹುಡುಕಬೇಕಾದದ್ದು ಮೊದಲಿನದರಲ್ಲಿ. ಅದರ ಮುದ್ರಿತ ವರದಿಗಳನ್ನು ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಕೇಳಿ. ನನ್ನ ಕೇಳಿದರೆ ಮದ್ರಾಸಿನ ನಡಾವಳಿಗಿಂತ ಇವೇ ಓದಲು ರುಚಿ: ಕೆರೆ ತೂಬು, ಗೋಮಾಳ, ತೆರಿಗೆ, ಎಲ್ಲ ನಮ್ಮ ನಮ್ಮ ಊರಿನದು.

ಇಷ್ಟೆಲ್ಲ ಆದ ಮೇಲೆ ನನ್ನ ಮುತ್ತಜ್ಜ? ಕೌನ್ಸಿಲ್ ಪಟ್ಟಿಗಳಲ್ಲಿ ಎಲ್ಲೂ ಇಲ್ಲ. ಫೋಟೋವನ್ನು ಚೌಕಟ್ಟಿನಿಂದ ಬಿಡಿಸಿದಾಗ (ಇದನ್ನು ಮೊದಲೇ ಮಾಡಬೇಕಿತ್ತು, ನೀವು ಮೊದಲೇ ಮಾಡಿ, ಗಾಜಿಗೆ ಅಂಟಿದ್ದರೆ ಎಳೆಯಬೇಡಿ, ತಿಳಿದವರಿಗೆ ಕೊಡಿ) ಹಿಂದಿನ ರಟ್ಟಿನ ಮೇಲೆ ಮಾಸಿದ ಇಂಗ್ಲಿಷಿನಲ್ಲಿ "ಡಿಸ್ಟ್ರಿಕ್ಟ್ ಬೋರ್ಡ್" ಎಂದಿತ್ತು, ಪಕ್ಕದಲ್ಲಿ 1912. ನಡುವೆ ಕೂತವನು ಗವರ್ನರನಲ್ಲ, ಕಲೆಕ್ಟರು. ಆ ವರ್ಷಗಳಲ್ಲಿ ಕೌನ್ಸಿಲಿಗೆ ಸದಸ್ಯರನ್ನು ಆರಿಸಿ ಕಳಿಸುವ ಮತ ಇದ್ದದ್ದು ಬೋರ್ಡಿನವರ ಕೈಯಲ್ಲಿ. ಅಂದರೆ ಅಜ್ಜ ಕೌನ್ಸಿಲ್ ಚುನಾವಣೆಯಲ್ಲಿ ಇದ್ದರು, ಮತ ಹಾಕುವ ಬದಿಯಲ್ಲಿ. ಹೇಳಿ ಹೇಳಿ ಅದೇ ಮೆಂಬರ್‌ಗಿರಿ ಆಗಿದೆ.

ಫೋಟೋದ ಹಿಂದೆ ಮೆತ್ತಗಿನ ಪೆನ್ಸಿಲಿನಲ್ಲಿ ವರ್ಷ, ಹೆಸರು, ಬೋರ್ಡು ಎಂದು ಬರೆದು ಮತ್ತೆ ಅದೇ ಮೊಳೆಗೆ ತೂಗಿಸಿದ್ದೇನೆ. ಮೊನ್ನೆ ಭೂತಕೋಲಕ್ಕೆ ಬಂದ ನೆಂಟರಿಗೆ ನನ್ನ ಚಿಕ್ಕಪ್ಪ ಅದನ್ನು ತೋರಿಸುತ್ತಿದ್ದರು: "ನೋಡಿ, ಇವರು ಮದ್ರಾಸ್ ಕೌನ್ಸಿಲ್ ಮೆಂಬರ್."