ನಿಮ್ಮೂರ ಹಬ್ಬವನ್ನು ಬರೆದಿಡೋದು ಹೇಗೆ? ತಂಬಿಟ್ಟಿನಿಂದ ಶುರು ಮಾಡಿ

ಕೋಲಾರದ ಕಡೆ ಊರಹಬ್ಬ ಅಂದ್ರೆ ತಂಬಿಟ್ಟಿನ ದೀಪ ಇರಲೇಬೇಕು. ಹೆಣ್ಣುಮಕ್ಕಳು ಅಕ್ಕಿಹಿಟ್ಟು, ಬೆಲ್ಲ ಕಲಸಿ ಗೋಪುರದ ಆಕಾರ ಕೊಟ್ಟು, ತುದಿಯಲ್ಲಿ ಗುಳಿ ಮಾಡಿ ತುಪ್ಪದ ಬತ್ತಿ ಇಟ್ಟು, ಸುತ್ತ ಸೇವಂತಿಗೆ, ಕನಕಾಂಬರ ಸುತ್ತಿ, ತಲೆ ಮೇಲೆ ಹೊತ್ತು ತಮಟೆ ಹಿಂದೆ ಗ್ರಾಮದೇವತೆಯ ಗುಡಿಗೆ ಹೋಗುತ್ತಾರೆ. ಆರತಿ ಮುಗಿದ ಮೇಲೆ ಅದನ್ನೇ ಮುರಿದು ಹಂಚಿಕೊಂಡು ತಿನ್ನುತ್ತಾರೆ. ಅಲಂಕಾರ, ತಿಂಡಿ, ಹರಕೆ ಮೂರೂ ಒಂದೇ ತಟ್ಟೆಯಲ್ಲಿ. ಆದರೆ ನಾವು ಬರೆಯುವಾಗ ಗುಡಿಯ ಶಿಲ್ಪ ಒಂದು ಕಡೆ, ಅಡುಗೆ ಇನ್ನೊಂದು ಕಡೆ, ದೇವರ ಕಥೆ ಮತ್ತೊಂದು ಕಡೆ ಮಾಡಿಬಿಡುತ್ತೇವೆ. ಹಾಗೆ ಬಿಡಿಸಿದರೆ ಊರಿನ ಚರಿತ್ರೆ ಕೈಗೆ ಸಿಗಲ್ಲ. ಅದಕ್ಕೇ ಹೇಳೋದು, ತಟ್ಟೆಯಿಂದಲೇ ಶುರು ಮಾಡಿ.

ಹಬ್ಬದ ದಿನ ಮೊಬೈಲ್ ಹಿಡಿದು ಹೋದರೆ ಮೆರವಣಿಗೆ ಮಾತ್ರ ಸಿಗುತ್ತದೆ. ಹಿಂದಿನ ದಿನವೇ ಹೋಗಿ. ವಯಸ್ಸಾದ ಅಜ್ಜಿ ಇರೋ ಮನೆ ನೋಡಿಕೊಂಡು, ಕೇಳಿ, ಅಡುಗೆಮನೆಯಲ್ಲಿ ಕೂತು ಕೆಲಸ ಮಾಡಿ. ಗಂಡಸರಾದರೂ ಸರಿ, ಬೆಲ್ಲ ಕುಟ್ಟಿಕೊಡೋಕೆ ಯಾರೂ ಬೇಡ ಅನ್ನಲ್ಲ. ಪ್ರಶ್ನೆ ಕೇಳೋಕೆ ಕೂತರೆ ಅವರು ಎರಡು ಮಾತಲ್ಲಿ ಮುಗಿಸುತ್ತಾರೆ, ಕೈ ಕೆಲಸದಲ್ಲಿ ಇದ್ದರೆ ಮಾತು ತಾನಾಗಿ ಬರುತ್ತದೆ.

ಹಸಿ ತಂಬಿಟ್ಟಿನ ಗುಟ್ಟು ಹಿಟ್ಟಿನ ತೇವದಲ್ಲಿದೆ. ಒಂದು ಕೆಜಿ ಅಕ್ಕಿ ತೊಳೆದು ಮೂರ್ನಾಲ್ಕು ಗಂಟೆ ನೆನೆಸಿ. ನೀರು ಬಸಿದು ಬಟ್ಟೆ ಮೇಲೆ ನೆರಳಲ್ಲಿ ಹರವಿ. ಪೂರ್ತಿ ಒಣಗಬಾರದು, ಕೈಗೆ ತಂಪು ತಗುಲುತ್ತಿರಬೇಕು. ಆಗ ಬೀಸಿ, ಜರಡಿ ಹಿಡಿದು, ಮುಕ್ಕಾಲು ಕೆಜಿಯಷ್ಟು ಬೆಲ್ಲವನ್ನು ಪುಡಿ ಮಾಡಿ ಏಲಕ್ಕಿ ಜೊತೆ ಸೇರಿಸಿ ನಾದುತ್ತಾ ಹೋದರೆ ಬೆಲ್ಲ ಆ ತೇವಕ್ಕೇ ಕರಗಿ ಹಿಟ್ಟು ಹಿಡಿದುಕೊಳ್ಳುತ್ತದೆ, ನೀರು ಬೇಕಾಗಲ್ಲ. ಅಂಗಡಿಯ ಒಣ ಹಿಟ್ಟು ತಂದರೆ ಮೆರವಣಿಗೆ ಅರ್ಧ ದಾರಿಯಲ್ಲೇ ದೀಪ ಬಿರುಕು ಬಿಡಬಹುದು. ಇನ್ನು ಆಕಾರ, ಅಲಂಕಾರ ಮನೆಯಿಂದ ಮನೆಗೆ ಬೇರೆ. ಯಾರಿಂದ ಕಲಿತಿರಿ ಅಂತ ಇಲ್ಲೇ ಕೇಳಿ. ತವರುಮನೆ ರೂಢಿಯೋ ಅತ್ತೆಮನೆ ರೂಢಿಯೋ ಅನ್ನೋದು ಹೊರಗೆ ಬರುತ್ತದೆ. ಒಂದು ಆಕಾರ ಯಾವ ಊರಿಂದ ಯಾವ ಊರಿಗೆ ನಡೆದು ಬಂತು ಅನ್ನೋದನ್ನು ಯಾವ ಶಾಸನವೂ ಹೇಳಲ್ಲ, ಈ ಹೆಂಗಸರು ಹೇಳುತ್ತಾರೆ.

ಆಮೇಲೆ ಹಬ್ಬದ ಅಡುಗೆಗೆ ಬಳಸಿದ ಎಲ್ಲಾ ಸಾಮಾನು ಬರೆದುಕೊಳ್ಳಿ, ಉಪ್ಪನ್ನೂ ಬಿಡದೆ. ಅದರಲ್ಲಿ ಮೆಣಸಿನಕಾಯಿ, ಕಡಲೆಕಾಯಿ, ಟೊಮೆಟೊಗೆ ಗುರುತು ಹಾಕಿ. ಈ ಮೂರೂ ಅಮೆರಿಕ ಖಂಡದವು, ಪೋರ್ಚುಗೀಸರು ನಮ್ಮ ಕರಾವಳಿಗೆ ಬಂದ ಮೇಲೆ, ಅಂದರೆ 16ನೇ ಶತಮಾನದ ಈಚೆಗೆ ಇಲ್ಲಿಗೆ ತಲುಪಿದವು. ಇವತ್ತು ಟೊಮೆಟೊ ಮಾರುಕಟ್ಟೆ ಅಂದ್ರೆ ಕೋಲಾರ ಅನ್ನೋ ಹಾಗಾಗಿದೆ, ಆದರೂ ದೇವಿಯ ಎಡೆಗೆ ಅದು ಬಂದಿದೆಯಾ ನೋಡಿ. ಹಸಿ ತಂಬಿಟ್ಟಿನಲ್ಲಿ ಈ ಮೂರರಲ್ಲಿ ಒಂದೂ ಇಲ್ಲ. ಮನೆ ಊಟ ಬೇಗ ಬದಲಾಗುತ್ತದೆ, ದೇವರ ಊಟ ನಿಧಾನವಾಗಿ ಬದಲಾಗುತ್ತದೆ. ನಮ್ಮ ರಾಗಿಯ ಮೂಲವೂ ಪೂರ್ವ ಆಫ್ರಿಕಾ, ಆದರೆ ಅದು ಬಂದು ಸಾವಿರಾರು ವರ್ಷ ಆಗಿದೆ. ದಿನಾ ರಾಗಿಮುದ್ದೆ ತಿನ್ನೋ ಸೀಮೆಯಲ್ಲಿ ದೀಪಕ್ಕೆ ಮಾತ್ರ ಅಕ್ಕಿ ಯಾಕೆ? ಹಿಂದೆ ಇಲ್ಲಿ ಭತ್ತ ಬೆಳೆಯುತ್ತಿದ್ದದ್ದು ಕೆರೆ ಕೆಳಗಿನ ಗದ್ದೆಯಲ್ಲಿ. ಕೆರೆ ತುಂಬಿದರೆ ಅಕ್ಕಿ, ಇಲ್ಲದಿದ್ದರೆ ಇಲ್ಲ. ಸಿಗೋದೇ ಕಷ್ಟವಾದದ್ದನ್ನು ದೇವಿಗೆ ಕೊಡುತ್ತಿದ್ದರು ಅಂತ ನನಗನಿಸುತ್ತದೆ. ನಿಮ್ಮೂರ ಕೆರೆ ಯಾವಾಗ ಕೋಡಿ ಬಿತ್ತು, ಆ ವರ್ಷ ಹಬ್ಬ ಹೇಗಿತ್ತು ಅಂತ ಕೇಳಿ ನೋಡಿ.

ಇನ್ನು ಕಲ್ಲುಗಳು. ಗುಡಿ ಹಿಂದೆ, ಕೆರೆ ಏರಿ ಮೇಲೆ, ಅರಳಿಕಟ್ಟೆ ಪಕ್ಕ ಹುಡುಕಿ. ವೀರಗಲ್ಲು ಇದ್ದರೆ ಕೆಳಗಿನಿಂದ ಮೇಲೆ ಓದಬೇಕು. ಸಾಮಾನ್ಯವಾಗಿ ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಸ್ವರ್ಗ. ದನಗಳು ಕಂಡರೆ ತುರು ಹಿಡಿಯಲು ಬಂದವರ ಜೊತೆ ಕಾದು ಸತ್ತವನದು ಅಂತ ತಿಳಿಯಬಹುದು. ಮೊಣಕೈ ಮಡಚಿ ಎತ್ತಿದ ಕೈ ಮಾತ್ರ ಇದ್ದರೆ ಮಾಸ್ತಿಕಲ್ಲು, ಅಂದರೆ ಸತಿ ಹೋದ ಹೆಣ್ಣಿನ ನೆನಪಿನ ಕಲ್ಲು. ಫೋಟೋ ಬೆಳಗ್ಗೆ ಅಥವಾ ಸಂಜೆಯ ಓರೆ ಬಿಸಿಲಲ್ಲಿ ತೆಗೆಯಿರಿ, ರಾತ್ರಿ ಆದರೆ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ, ಸವೆದ ಅಕ್ಷರವೂ ಎದ್ದು ಕಾಣುತ್ತದೆ. ದಯವಿಟ್ಟು ಸೀಮೆಸುಣ್ಣ ತೀಡಬೇಡಿ, ಎಣ್ಣೆ ಸುರಿಯಬೇಡಿ. ಹಾಗಂತ ಜನ ಪೂಜೆ ಮಾಡಿ ಹಚ್ಚಿದ ಅರಿಶಿನ, ಕುಂಕುಮ ಕೆರೆದು ತೆಗೆಯೋ ಹಕ್ಕೂ ನಮಗಿಲ್ಲ. ವೀರಗಲ್ಲೇ ದೇವರಾಗಿರೋ ಊರುಗಳಿವೆ, ಆ ಬದಲಾವಣೆಯನ್ನೂ ಬರೆಯಿರಿ.

ಶಾಸನ ಇದೆಯಾ ಅಂತ ತಿಳಿಯಲು ಎಪಿಗ್ರಾಫಿಯಾ ಕರ್ನಾಟಿಕಾ ನೋಡಿ, ಶಾಸನಗಳ ಪಾಠವನ್ನು ಜಿಲ್ಲೆವಾರು ಅಚ್ಚು ಹಾಕಿದ ಸಂಪುಟಗಳು ಅವು. ಬಿ.ಎಲ್. ರೈಸ್ ಸಂಪಾದಿಸಿದ 10ನೇ ಸಂಪುಟ ಪೂರ್ತಿ ಕೋಲಾರ ಜಿಲ್ಲೆಯದು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಗಿದ್ದು 2007ರಲ್ಲಿ, ಹಾಗಾಗಿ ಶಿಡ್ಲಘಟ್ಟ, ಚಿಂತಾಮಣಿ, ಬಾಗೇಪಲ್ಲಿಯ ಶಾಸನಗಳೂ ಅದರಲ್ಲೇ ಇವೆ. ತುಮಕೂರಿನವರಿಗೆ 12ನೇ ಸಂಪುಟ. ಗುಡಿಗೆ ಭೂಮಿ ಬಿಟ್ಟ ಶಾಸನಗಳಲ್ಲಿ ನೈವೇದ್ಯ, ನಂದಾದೀಪ ಅನ್ನೋ ಮಾತು ಎಷ್ಟು ಸಲ ಬರುತ್ತದೆ ಗಮನಿಸಿ. ಊಟ, ದೀಪಗಳ ಲೆಕ್ಕವನ್ನೇ ಕಲ್ಲಿನಲ್ಲಿ ಕೊರೆಸಿದ್ದಾರೆ.

ಅಭ್ಯಾಸಕ್ಕೆ ಕೋಲಾರಮ್ಮನ ಗುಡಿಗೆ ಹೋಗಿ ಬನ್ನಿ. 11ನೇ ಶತಮಾನದ ರಾಜೇಂದ್ರ ಚೋಳನ ಕಾಲದ ತಮಿಳು ಶಾಸನಗಳು ಗೋಡೆ ಮೇಲಿವೆ. ಉಗ್ರದೇವಿಯನ್ನು ನೇರ ನೋಡಬಾರದು ಅಂತ ಕನ್ನಡಿಯಲ್ಲಿ ದರ್ಶನ. ಅಲ್ಲೇ ಚೇಳಮ್ಮ ಇದ್ದಾಳೆ, ಚೇಳು ಕಚ್ಚದಿರಲಿ ಅಂತ ಜನ ನೆಲದಲ್ಲಿರೋ ಹುಂಡಿಗೆ ಕಾಣಿಕೆ ಹಾಕುತ್ತಾರೆ. ಕಲ್ಲುಬಂಡೆಯ ಹೊಲದಲ್ಲಿ ಬರಿಗಾಲಲ್ಲಿ ದುಡಿಯೋರಿಗೆ ಆ ದೇವಿ ಎಷ್ಟು ಬೇಕಾಗಿದ್ದಳು ಅಂತ ಅಲ್ಲಿ ನಿಂತರೆ ಗೊತ್ತಾಗುತ್ತದೆ.

ನಂಬಿಕೆ ಬಗ್ಗೆ ಕೇಳುವಾಗ "ಯಾಕೆ ಮಾಡ್ತೀರಿ" ಅನ್ನಬೇಡಿ. "ಹಿಂದಿನಿಂದ ಬಂದಿದೆ" ಅಂತ ಸುಮ್ನಾಗುತ್ತಾರೆ. "ಮಾಡದಿದ್ದ ವರ್ಷ ಏನಾಯ್ತು" ಅಂತ ಕೇಳಿ. ಸಿಡುಬು, ಬರ, ದನದ ರೋಗ, ಊರು ಎರಡು ಪಾರ್ಟಿ ಆಗಿದ್ದು ಎಲ್ಲಾ ಬರುತ್ತದೆ. ಮಳೆ ಕೈಕೊಟ್ಟಾಗ ಮಣ್ಣಿನ ಮಳೆರಾಯನನ್ನು ಹಲಗೆ ಮೇಲೆ ಹೊತ್ತು ಮನೆಮನೆಯಲ್ಲಿ ಹಿಟ್ಟು ಎತ್ತಿ, ಕೊನೆಗೆ ಎಲ್ಲರೂ ಒಟ್ಟಿಗೆ ಬೇಯಿಸಿ ತಿನ್ನೋ ರೂಢಿ ಇತ್ತಾ ಅಂತಲೂ ಕೇಳಿ. ಹಾಡು ತೆಲುಗಿನಲ್ಲಿದ್ದರೆ ತೆಲುಗಿನಲ್ಲೇ, ಕನ್ನಡ ಅಕ್ಷರದಲ್ಲಿ, ಅವರು ಅಂದ ಹಾಗೇ ಬರೆಯಿರಿ. ತಿದ್ದಬೇಡಿ.

ತಮಟೆಯನ್ನು ಬೇರೆಯಾಗಿ ರೆಕಾರ್ಡ್ ಮಾಡಿ. ಗುಡಿಯಿಂದ ಹೊರಡುವಾಗ, ಆರತಿಗೆ, ಮೆರವಣಿಗೆಗೆ ಪೆಟ್ಟು ಬದಲಾಗುತ್ತದೆಯಾ ಅಂತ ಬಾರಿಸುವವರನ್ನೇ ಕೇಳಿ. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪ ಅವರಿಗೆ ಪದ್ಮಶ್ರೀ ಬಂತು. ಆದರೆ ಎಷ್ಟೋ ಊರ ಹಬ್ಬದ ಫೋಟೋಗಳಲ್ಲಿ ತಮಟೆಯವರು ಚೌಕಟ್ಟಿನ ಹೊರಗೇ ಉಳಿಯುತ್ತಾರೆ. ನಿಮ್ಮ ಬರಹದಲ್ಲಿ ಹಾಗಾಗದಿರಲಿ. ಯಾರು ಗುಡಿ ಒಳಗೆ ಹೋದರು, ಯಾರು ಹೊರಗೆ ನಿಂತರು, ಯಾವ ಕೇರಿಯ ದೀಪ ಮೊದಲು ಹೋಯಿತು, ಯಾರ ತಂಬಿಟ್ಟನ್ನು ಯಾರು ತಿಂದರು, ಇದನ್ನೂ ಬರೆಯಿರಿ. ನೋವಾಗುತ್ತದೆ, ಕೆಲವರಿಗೆ ಸಿಟ್ಟೂ ಬರುತ್ತದೆ. ಅದನ್ನು ಬಿಟ್ಟು ಬರೆದದ್ದು ಅರ್ಧ ಸುಳ್ಳು.

ಮರುದಿನದ ಬಾಡೂಟದ ವಿವರ ಬೇಗ ಸಿಗುತ್ತದೆ, ಎಲ್ಲರೂ ಖುಷಿಯಿಂದ ಹೇಳುತ್ತಾರೆ.

ಎಲ್ಲಾ ಬರೆದ ಮೇಲೆ ಒಂದು ಪ್ರತಿ ದಪ್ಪ ಅಕ್ಷರದಲ್ಲಿ ಪ್ರಿಂಟ್ ಹಾಕಿಸಿ, ಮೊದಲು ಆ ಅಜ್ಜಿ ಮುಂದೆ ಓದಿ ಹೇಳಿ. ಹೆಸರು, ಫೋಟೋ ಹಾಕಬಹುದಾ ಅಂತ ಆಗಲೇ ಕೇಳಿಕೊಳ್ಳಿ. ಅವರು ತಿದ್ದಿದ್ದನ್ನು ಬೇರೆ ಬಣ್ಣದ ಪೆನ್ನಲ್ಲಿ ಪಕ್ಕದಲ್ಲೇ ಬರೆದು, ಒಂದು ಪ್ರತಿ ಊರ ಶಾಲೆಗೆ ಕೊಡಿ.