ಮೊದಲು ತೋಟಾ, ಆಮೇಲೆ ರೈಫಲ್: ಕೌಬಾಯ್ ಆಕ್ಷನ್ ಪಂದ್ಯಕ್ಕೆ ಲಿವರ್ ಆಕ್ಷನ್ ಆರಿಸುವ ಬಗೆ

ಹಳೆಯ ಕೌಬಾಯ್ ಕಾಲದ ಮಾದರಿಯ ಕೋವಿಗಳಿಂದ ಗುರಿ ಹೊಡೆಯುವ ಕೌಬಾಯ್ ಆಕ್ಷನ್ ಪಂದ್ಯಕ್ಕೆ ಹೊಸದಾಗಿ ಬರುವವರು ಹಿತ್ತಾಳೆ ಮೈಯ ಹೊಳಪಿಗೆ ಮನಸೋತು ಮೊದಲು ರೈಫಲ್ ಕೊಳ್ಳುತ್ತಾರೆ. ಅದಕ್ಕೆ ಯಾವ ತೋಟಾ ಹೊಂದುತ್ತದೆ ಎಂಬ ಯೋಚನೆ ಬರುವುದು ದುಡ್ಡು ಕೊಟ್ಟ ಮೇಲೆ. ಈ ಕ್ರಮ ತಲೆಕೆಳಗು. ಟ್ರಿಗರ್ ಸುತ್ತಿನ ಹಿಡಿಯನ್ನು, ಅಂದರೆ ಲಿವರನ್ನು, ಎಳೆದು ಮುಚ್ಚಿ ಮುಂದಿನ ತೋಟಾ ಒಳಗೆ ತರುವ ಲಿವರ್ ಆಕ್ಷನ್‌ನಲ್ಲಿ ರೈಫಲ್ ಮತ್ತು ತೋಟಾ ಸೇರಿ ಒಂದೇ ಯಂತ್ರ. ತೋಟಾದ ಉದ್ದ ತಕ್ಕ ಮಿತಿ ತಪ್ಪಿದರೆ ಎಷ್ಟೇ ಬೆಲೆಬಾಳುವ ರೈಫಲ್ ನಡುದಾರಿಯಲ್ಲಿ ಕಚ್ಚಿಕೊಂಡು ನಿಲ್ಲುತ್ತದೆ.

ಪಂದ್ಯ ಕೇಳುವುದೇನು ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಅಮೆರಿಕದ ಸಿಂಗಲ್ ಆಕ್ಷನ್ ಶೂಟಿಂಗ್ ಸೊಸೈಟಿ, ಅಂದರೆ ಎಲ್ಲರ ಬಾಯಲ್ಲಿ ‘ಸ್ಯಾಸ್’, ನಡೆಸುವ ಪಂದ್ಯದ ಒಂದು ಸ್ಟೇಜ್‌ನಲ್ಲಿ, ಅಂದರೆ ಒಂದು ಸುತ್ತಿನಲ್ಲಿ, ಸಾಮಾನ್ಯವಾಗಿ ರೈಫಲ್‌ನಿಂದ 10 ಗುಂಡು, ಎರಡು ರಿವಾಲ್ವರ್‌ಗಳಿಂದ ಐದೈದು, ಶಾಟ್‌ಗನ್‌ನಿಂದ ನಾಲ್ಕೋ ಹೆಚ್ಚೋ ಹಾರಿಸಬೇಕು. ಎಲ್ಲವೂ ಟೈಮರ್ ಮೇಲೆ. ಗುರಿ ತಪ್ಪಿದರೆ ಒಂದಕ್ಕೆ 5 ಸೆಕೆಂಡ್ ದಂಡ. ರೈಫಲ್‌ಗೆ ಇಟ್ಟ ಉಕ್ಕಿನ ಗುರಿಗಳು ದೊಡ್ಡವು, ಹೆಚ್ಚಿನವು 25 ಗಜದೊಳಗೇ ಇರುತ್ತವೆ. ಆ ದೂರಕ್ಕೆ ಯಾವ ರೈಫಲ್ ಆದರೂ ಸಾಕಷ್ಟು ನಿಖರವೇ. ಗೆಲುವು ಸೋಲು ನಿಂತಿರುವುದು ಹತ್ತು ತೋಟಾಗಳು ತಡೆಯಿಲ್ಲದೆ ಒಳಗೆ ಹೋಗಿ ಹೊರಗೆ ಬರುವುದರ ಮೇಲೆ.

ನಿಯಮ ಹೇಳುವ ರೈಫಲ್ ಇದು: 1860ರಿಂದ 1899ರ ನಡುವಿನ ವಿನ್ಯಾಸ ಅಥವಾ ಅದರ ಪ್ರತಿಕೃತಿ, ಹೊರಗೆ ಕಾಣುವ ಹ್ಯಾಮರ್, ನಳಿಕೆಯ ಕೆಳಗೆ ಕೊಳವೆ ಮ್ಯಾಗಜಿನ್, ಪಿಸ್ತೂಲ್ ವರ್ಗದ ತೋಟಾ. ಸೀಸದ ಗುಂಡಿಗೆ ಮಾತ್ರ ಅವಕಾಶ. ತಾಮ್ರದ ಕವಚವಿದ್ದ ಗುಂಡು ಹತ್ತಿರದ ಉಕ್ಕಿಗೆ ಬಡಿದು ನೋಡುವವರ ಕಡೆಗೇ ತಿರುಗಬಹುದು. ರೈಫಲ್ ಗುಂಡಿನ ವೇಗ ಸೆಕೆಂಡಿಗೆ 1400 ಅಡಿ ದಾಟಬಾರದು. ತೀರಾ ಮೆತ್ತಗೂ ಇರಬಾರದು: ಗ್ರೇನ್ ಎಂಬ ಸಣ್ಣ ಅಳತೆಯಲ್ಲಿ ಗುಂಡಿನ ತೂಕವನ್ನು ವೇಗದಿಂದ ಗುಣಿಸಿ 1000ದಿಂದ ಭಾಗಿಸಿದರೆ ಕನಿಷ್ಠ 60 ಬರಬೇಕು. 125 ಗ್ರೇನ್ ಗುಂಡು 600 ಅಡಿ ವೇಗದಲ್ಲಿ ಹೋದರೆ 75, ಧಾರಾಳವಾಯಿತು. ನಿಯಮಾವಳಿ ಆಗಾಗ ತಿದ್ದುಪಡಿಯಾಗುತ್ತದೆ, ಕೊಳ್ಳುವ ಮೊದಲು ಈಗಿನ ಪ್ರತಿಯನ್ನೇ ಓದಿ.

ಇಲ್ಲಿ ಒಂದು ಹೆಸರಿನ ಗೊಂದಲಕ್ಕೆ ಬಹಳ ಜನ ಬೀಳುತ್ತಾರೆ. ಮಾರ್ಲಿನ್ 1894 ಈ ಆಟದ ಹಳೆಯ ಕುಳ. ವಿಂಚೆಸ್ಟರ್ 1894 ಬೇರೆಯದೇ ಕೋವಿ, .30-30ಯಂಥ ಉದ್ದ ರೈಫಲ್ ತೋಟಾಕ್ಕೆ ಮಾಡಿದ ಉದ್ದನೆಯ ಆಕ್ಷನ್. .30-30 ಮುಖ್ಯ ಪಂದ್ಯಕ್ಕೆ ನಡೆಯುವುದಿಲ್ಲ. ವಿಂಚೆಸ್ಟರ್ 94 ಪಿಸ್ತೂಲ್ ತೋಟಾದಲ್ಲೂ ಸಿಗುತ್ತದೆ, ಆದರೆ ಗಿಡ್ಡ ತೋಟಾವನ್ನು ಉದ್ದ ಆಕ್ಷನ್‌ನಲ್ಲಿ ವೇಗವಾಗಿ ಓಡಿಸುವುದು ತ್ರಾಸದ ಕೆಲಸ. ವಿಂಚೆಸ್ಟರ್ 1895ಕ್ಕೆ ಪೆಟ್ಟಿಗೆ ಮ್ಯಾಗಜಿನ್ ಇರುವುದರಿಂದ ಅದೂ ಹೊರಗೆ.

ಇನ್ನೊಂದು ಲೆಕ್ಕ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಪಂದ್ಯದಲ್ಲಿ ರೈಫಲ್ ಇಡುವಾಗ ಚೇಂಬರ್ (ತೋಟಾ ಕೂತು ಹಾರುವ ಗೂಡು) ಖಾಲಿ, ಲಿವರ್ ಮುಚ್ಚಿ, ಹ್ಯಾಮರ್ ಪೂರ್ತಿ ಕೆಳಗಿರಬೇಕು. ಹಾಗಾಗಿ ಹತ್ತೂ ತೋಟಾ ಮ್ಯಾಗಜಿನ್‌ನಲ್ಲೇ ಹಿಡಿಯಬೇಕು. 16 ಇಂಚು ನಳಿಕೆಯ ಮುದ್ದಾದ ಗಿಡ್ಡ ಕಾರ್ಬೈನ್‌ಗಳಲ್ಲಿ ಸಾಮಾನ್ಯವಾಗಿ ಎಂಟೇ ಹಿಡಿಯುತ್ತವೆ. 19, 20 ಇಂಚಿನವು ಹತ್ತು ಹಿಡಿಯುತ್ತವೆ. ಮೊದಲ ರೈಫಲ್‌ಗೆ 20 ಇಂಚು ಎಂದು ಕಣ್ಣು ಮುಚ್ಚಿ ಹೇಳಬಹುದು. 24 ಇಂಚಿನದು ನೋಡಲು ಚೆಂದ, ಆದರೆ ಮುಂಭಾರದಿಂದಾಗಿ ಒಂದು ಗುರಿಯಿಂದ ಇನ್ನೊಂದಕ್ಕೆ ನಿಧಾನವಾಗಿ ತಿರುಗುತ್ತದೆ.

ಯಾವ ತೋಟಾ

ಹೊಸಬರಿಗೆ .38 ಸ್ಪೆಷಲ್. ರೈಫಲ್ .357 ಮ್ಯಾಗ್ನಮ್‌ನದಾಗಿದ್ದರೆ ಎರಡೂ ಹಾರುತ್ತವೆ. ಒದೆತ ಕಡಿಮೆ, ಮದ್ದು ಸೀಸ ಕಡಿಮೆ, ಖಾಲಿ ಕೇಸ್ (ತೋಟಾದ ಹಿತ್ತಾಳೆ ಕವಚ) ಎಲ್ಲೆಲ್ಲೂ ಸಿಗುತ್ತದೆ. ಹೊರ ಅಳತೆ ಒಂದೇ ಆದ ನಳಿಕೆಯಲ್ಲಿ .45ಕ್ಕಿಂತ .357ರ ತೂತು ಚಿಕ್ಕದು, ಉಳಿದ ಉಕ್ಕು ಹೆಚ್ಚು. ಆ ತೂಕವೂ ಒದೆತವನ್ನು ನುಂಗುತ್ತದೆ. ರಿವಾಲ್ವರ್‌ಗಳನ್ನೂ ಇದೇ ತೋಟಾದಲ್ಲಿ ಕೊಂಡರೆ ಒಂದೇ ಡಬ್ಬಿಯಿಂದ ಮೂರಕ್ಕೂ ತುಂಬಬಹುದು. ಎರಡು ಬಗೆಯ ತೋಟಾ ಒಂದೇ ಬೆಲ್ಟಿನಲ್ಲಿದ್ದರೆ, ಗಡಿಬಿಡಿಯಲ್ಲಿ ತಪ್ಪು ತೋಟಾ ಮ್ಯಾಗಜಿನ್ ಸೇರಿ ರೈಫಲ್ ಬಿಚ್ಚುವ ತನಕ ಹೊರಬರದ ದಿನ ಒಂದಲ್ಲ ಒಂದು ಬಂದೇ ಬರುತ್ತದೆ.

.45 ಕೋಲ್ಟ್‌ನ ಆಸೆ ಎಲ್ಲರಿಗೂ ಇರುತ್ತದೆ. ಚರಿತ್ರೆಯ ದೃಷ್ಟಿಯಲ್ಲಿ ಅದೊಂದು ತಮಾಷೆ: 19ನೇ ಶತಮಾನದಲ್ಲಿ .45 ಕೋಲ್ಟ್‌ಗೆ ಲಿವರ್ ರೈಫಲ್ ಇರಲೇ ಇಲ್ಲ, ಇವೆಲ್ಲ ಈ ಕಾಲದ ಪ್ರತಿಕೃತಿಗಳು. ಕೆಲಸದ ದೃಷ್ಟಿಯಲ್ಲಿ ಅದರ ದೋಷ ಬೇರೆ. ಕೇಸಿನ ಗೋಡೆ ದಪ್ಪ. ಹಗುರ ಮದ್ದಿನ ಒತ್ತಡಕ್ಕೆ ಅದು ಹಿಗ್ಗಿ ಚೇಂಬರನ್ನು ಮುಚ್ಚುವುದಿಲ್ಲ. ಹೊಗೆ, ಮಸಿ ಹಿಂದಕ್ಕೆ ನುಗ್ಗಿ ಆಕ್ಷನ್ ಪೂರಾ ಕಪ್ಪಾಗುತ್ತದೆ. 1873ರ ರೈಫಲ್ ಜೊತೆಗೇ ಬಂದ .44-40ಯ ಕೇಸ್ ತೆಳು, ಕತ್ತು ತುಸು ಕಿರಿದು, ಚೇಂಬರನ್ನು ಚೆನ್ನಾಗಿ ಮುಚ್ಚುತ್ತದೆ. ಕರಿಮದ್ದು ಹಾರಿಸುವ ಯೋಚನೆ ಇದ್ದರೆ ಅದೇ ಸರಿ. ಆದರೆ ಖಾಲಿ ಕೇಸ್‌ಗೆ ಮದ್ದು, ಗುಂಡು ಮರುತುಂಬುವಾಗ ಅದೇ ತೆಳು ಕತ್ತು ಡೈಗೆ, ಅಂದರೆ ತುಂಬುವ ಅಚ್ಚಿಗೆ, ತುಸು ಓರೆಯಾಗಿ ಬಡಿದರೂ ಮುದುರುತ್ತದೆ. ಕ್ಲಾಸಿಕ್ ಕೌಬಾಯ್ ವಿಭಾಗದಲ್ಲಿ ಆಡುವ ಮನಸ್ಸಿದ್ದರೆ .40 ಅಥವಾ ಅದಕ್ಕಿಂತ ದೊಡ್ಡ ತೋಟಾ ಬೇಕೇ ಬೇಕು. ಇದನ್ನು ಮೊದಲೇ ತೀರ್ಮಾನಿಸಿ.

ಗುಂಡಿನ ಮೂತಿ ಚಪ್ಪಟೆ ಇರಬೇಕು. ಕೊಳವೆಯಲ್ಲಿ ಒಂದರ ಮೂತಿ ಮುಂದಿನದರ ಪ್ರೈಮರ್‌ಗೆ, ಅಂದರೆ ಮದ್ದಿಗೆ ಕಿಡಿ ಕೊಡುವ ಬುಡದ ಬಿಲ್ಲೆಗೆ, ತಾಗಿಕೊಂಡೇ ಕೂತಿರುತ್ತದೆ. ಚೂಪು ಮೂತಿ ಅಲ್ಲಿ ಪ್ರೈಮರ್‌ಗೆ ಬಡಿಯುವ ಫೈರಿಂಗ್ ಪಿನ್ನಿನ ಕೆಲಸ ಮಾಡಿಬಿಡಬಹುದು.

ಯಾವ ಆಕ್ಷನ್

1860ರ ಹೆನ್ರಿ, 1866ರ ಯೆಲ್ಲೋಬಾಯ್, 1873ರ ವಿಂಚೆಸ್ಟರ್ (ಬಾಯಲ್ಲಿ 66, 73) ಈ ಮೂರೂ ಟಾಗಲ್ ಲಿಂಕ್ ಮನೆತನದವು. ಮೊಣಕಾಲಿನಂತೆ ಮಡಚುವ ಎರಡು ಕೊಂಡಿಗಳು ಚೇಂಬರನ್ನು ಹಿಂದಿನಿಂದ ಮುಚ್ಚುವ ಬೋಲ್ಟನ್ನು ಹಿಂದೆ ಮುಂದೆ ಓಡಿಸುತ್ತವೆ. ತೋಟಾ ಒಂದು ಗಟ್ಟಿ ಪೆಟ್ಟಿಗೆಯಲ್ಲಿ, ಅದೇ ಕ್ಯಾರಿಯರ್, ಲಿಫ್ಟಿನಲ್ಲಿ ನಿಂತಂತೆ ನೆಟ್ಟಗೆ ಮೇಲೇರಿ ಚೇಂಬರ್ ಎದುರಿಗೇ ಬಂದು ನಿಲ್ಲುತ್ತದೆ. ಏರು ಹತ್ತುವುದಿಲ್ಲ, ಓರೆಯಾಗುವುದಿಲ್ಲ. ವೇಗದ ಶೂಟರ್‌ಗಳ ಕೈಯಲ್ಲಿ 73 ಇರುವುದು ಇದಕ್ಕೇ. ಲಿವರಿನ ಓಟ ಕಡಿಮೆ ಮಾಡುವ ‘ಶಾರ್ಟ್ ಸ್ಟ್ರೋಕ್’ ಬಿಡಿಭಾಗಗಳೂ 73 ಮತ್ತು 66ಕ್ಕೆ ಸಿದ್ಧವಾಗಿ ಸಿಗುತ್ತವೆ.

ಇದೇ ಪೆಟ್ಟಿಗೆಯೇ ಅದರ ಹಟಮಾರಿತನಕ್ಕೂ ಮೂಲ. ತೋಟಾ ಉದ್ದವಾದರೆ ಮೂತಿ ಮ್ಯಾಗಜಿನ್ ಬಾಯಲ್ಲಿ ಉಳಿದು ಕ್ಯಾರಿಯರ್ ಏಳುವುದಿಲ್ಲ. ಗಿಡ್ಡವಾದರೆ ಹಿಂದೆ ಕಾಯುತ್ತಿರುವ ತೋಟಾದ ಅಂಚು ಪೆಟ್ಟಿಗೆಯೊಳಗೆ ಇಣುಕಿ ಅದೇ ಗತಿ. .38ರಲ್ಲಿ ಒಟ್ಟು ಉದ್ದ 1.45ರಿಂದ 1.60 ಇಂಚಿನ ಒಳಗಿರಲಿ. ನಿಮ್ಮ ರೈಫಲ್‌ಗೆ ಹಿತವಾದ ಉದ್ದ ಯಾವುದೆಂದು ಮದ್ದಿಲ್ಲದ ಡಮ್ಮಿ ತೋಟಾದಲ್ಲಿ ಕಂಡುಕೊಂಡು ಅಲ್ಲಿಗೇ ಡೈ ಬಿಗಿಯಿರಿ. ‘ರೈಫಲ್ ಸರಿಯಿಲ್ಲ’ ಎಂದು ಗನ್‌ಸ್ಮಿತ್ ಬಳಿ ಬರುವ ಎಷ್ಟೋ 73ಗಳ ಕಾಯಿಲೆ ಇಷ್ಟೇ.

ಟಾಗಲ್ ಲಿಂಕ್‌ನ ಬಲ ಕಡಿಮೆ. 1866ರ ಹಿತ್ತಾಳೆ ಮೈಗೆ .38 ಸ್ಪೆಷಲ್ ಸಾಕು, ಮ್ಯಾಗ್ನಮ್ ಬೇಡ. ಲಿವರ್ ಪೂರ್ತಿ ಮುಚ್ಚದೆ ಹ್ಯಾಮರ್ ಬಿದ್ದರೆ ಕೊಂಡಿಗಳು ಮಡಚಿದ ಸ್ಥಿತಿಯಲ್ಲೇ ಇರುತ್ತವೆ, ಬೋಲ್ಟನ್ನು ತಡೆಯುವವರಿಲ್ಲ. ಹಾಗಾಗದಂತೆ 73ರ ಲಿವರಿನ ಹಿಂದೆ ಟ್ರಿಗರ್ ತಡೆಯುವ ಒಂದು ಗುಬುಟು ಇರುತ್ತದೆ. ಕೆಲವರು ವೇಗಕ್ಕೆಂದು ಅದನ್ನು ಕಿತ್ತುಹಾಕುತ್ತಾರೆ. ನೀವು ಮುಟ್ಟಬೇಡಿ.

1860ರ ಹೆನ್ರಿ ಮೊದಲ ರೈಫಲ್ ಆಗಬಾರದು. ಭಾರ. ಮುಂದಿನಿಂದ ತುಂಬಬೇಕು, ತೋಟಾಗಳನ್ನು ಹಿಂದಕ್ಕೆ ದೂಡುತ್ತ ಮ್ಯಾಗಜಿನ್ನಿನ ಹೊರಗೆ ಓಡುವ ಫಾಲೋವರ್‌ಗೆ ನಡುವೆ ಎಡಗೈ ಅಡ್ಡ ಬರುತ್ತದೆ. ತುಂಬುವಾಗ ಆ ಫಾಲೋವರ್ ಕೈತಪ್ಪಿ ತೋಟಾಗಳ ಮೇಲೆ ಬಡಿದರೆ ಅಪಾಯ. ಅಂದಹಾಗೆ ಈಗಿನ ಹೆನ್ರಿ ಕಂಪನಿಯ ‘ಬಿಗ್ ಬಾಯ್’ಗೂ ಈ 1860ಕ್ಕೂ ಹೆಸರು ಬಿಟ್ಟರೆ ನೆಂಟಸ್ತಿಕೆ ಇಲ್ಲ.

ಜಾನ್ ಬ್ರೌನಿಂಗ್ ವಿನ್ಯಾಸದ 1892 ಬಂಡೆಯಂಥದ್ದು. ಎರಡು ಲಾಕಿಂಗ್ ಲಗ್, ಅಂದರೆ ಬೀಗದ ಗೂಟಗಳು, ಬೋಲ್ಟನ್ನು ಹಿಡಿದಿರುತ್ತವೆ. ಬ್ರೆಜಿಲ್‌ನ ರೊಸ್ಸಿಯ 92 ಕಡಿಮೆ ದುಡ್ಡಿಗೆ ಸಿಗುವ ಒಳ್ಳೆಯ ಆರಂಭ. ಇಟಲಿಯ ಯುಬರ್ಟಿ 73 ಹೊಸದಕ್ಕೆ ಸಾವಿರ ಡಾಲರ್ ದಾಟುತ್ತದೆ. ಹೊಸ ರೊಸ್ಸಿಯ ಸ್ಪ್ರಿಂಗ್‌ಗಳು ಬಿಗಿ, ಒಳ ಅಂಚುಗಳು ಒರಟು. ಖಾಲಿ ಕೇಸ್ ಹೊರಗೆಸೆಯುವ ಎಜೆಕ್ಟರ್ ಸ್ಪ್ರಿಂಗ್ ಹಗುರ ಮಾಡಿಸಿ, ಪ್ಲಾಸ್ಟಿಕ್ ಫಾಲೋವರ್ ಬದಲು ಉಕ್ಕಿನದು ಹಾಕಿಸಿ, ಅಂಚು ಉಜ್ಜಿಸಿದರೆ ಬೇರೆಯೇ ಕೋವಿಯಾಗುತ್ತದೆ. 73ರಷ್ಟು ವೇಗ ಬಾರದು, ಮೊದಲ ಎರಡು ವರ್ಷ ಆ ಕೊರತೆ ನಿಮಗೆ ಗೊತ್ತೂ ಆಗದು.

ಮಾರ್ಲಿನ್ 1894 ಬಿಚ್ಚಿ ಒರೆಸಲು ಸುಲಭ: ಲಿವರಿನ ಒಂದು ಸ್ಕ್ರೂ ತೆಗೆದರೆ ಬೋಲ್ಟ್ ಹೊರಗೆ ಬರುತ್ತದೆ. ಫೈರಿಂಗ್ ಪಿನ್ ಎರಡು ತುಂಡಾಗಿರುವುದರಿಂದ ಬೋಲ್ಟ್ ಬೀಗ ಬೀಳುವವರೆಗೆ ತುಂಡುಗಳು ನೇರವಾಗುವುದಿಲ್ಲ, ಗುಂಡು ಹಾರುವುದಿಲ್ಲ. ಇದರ ಕಾಯಿಲೆಗೆ ‘ಮಾರ್ಲಿನ್ ಜಾಮ್’ ಎಂದೇ ಹೆಸರು. ಲಿವರಿನ ಚೂಪು ಮೂಲೆ ಕ್ಯಾರಿಯರ್‌ನ ತಳವನ್ನು ಕೆರೆದು ಕೆರೆದು ಕುಳಿ ಮಾಡುತ್ತದೆ. ಆಗ ಕ್ಯಾರಿಯರ್ ತಗ್ಗಿನಲ್ಲಿ ಉಳಿದು, ಮುಂದಿನ ತೋಟಾ ಅದರ ಕೆಳಗೆ ನುಸುಳಿ ಎಲ್ಲವೂ ಸೆಟೆದುಕೊಳ್ಳುತ್ತದೆ. ಹೊಸದರಲ್ಲೇ ಆ ಮೂಲೆಯನ್ನು ಉಜ್ಜಿ ದುಂಡು ಮಾಡಿದರೆ ಕಾಯಿಲೆ ಬರುವುದೇ ಇಲ್ಲ. ನಳಿಕೆಯೊಳಗೆ ಗುಂಡನ್ನು ತಿರುಗಿಸುವ ಗೆರೆಗಳು ಆಳದ ಬ್ಯಾಲಾರ್ಡ್ ಬಗೆಯವಾಗಿರುವುದು ಸೀಸದ ಗುಂಡಿಗೆ ಒಳ್ಳೆಯದು, ಇನ್ನೊಂದು ಬಗೆಯಾದ ಮೈಕ್ರೋ ಗ್ರೂವ್‌ನ ಗೆರೆಗಳು ಆಳವಿಲ್ಲ. ಕನೆಕ್ಟಿಕಟ್‌ನ ನಾರ್ತ್ ಹೇವನ್‌ನಲ್ಲಿ ಮಾಡಿದ ಹಳೆಯ ಮಾರ್ಲಿನ್‌ಗಳ ನಳಿಕೆಯ ಮೇಲೆ ‘ಜೆಎಂ’ ಮುದ್ರೆ ಇರುತ್ತದೆ, ಬಳಸಿದ್ದಾದರೂ ಅವಕ್ಕೆ ಬೇಡಿಕೆ ಹೆಚ್ಚು. 92, ಮಾರ್ಲಿನ್ ಎರಡರಲ್ಲೂ ತೋಟಾ ಮೂತಿ ಎತ್ತಿ ಓರೆಯಾಗಿ ಏರುವುದರಿಂದ ಮೂತಿಯ ಆಕಾರ ಮುಖ್ಯ. ಭುಜವಿರುವ ಸೆಮಿ ವಾಡ್‌ಕಟರ್ ಗುಂಡು ಚೇಂಬರ್ ಅಂಚಿಗೆ ತಗುಲಿ ನಿಲ್ಲುತ್ತದೆ.

ಬಳಸಿದ್ದನ್ನು ಕೊಳ್ಳುವಾಗ

ಲಿವರ್ ತೆರೆದು ಚೇಂಬರ್ ನೋಡಿ, ಬೆರಳು ಹಾಕಿಯೂ ನೋಡಿ, ಮ್ಯಾಗಜಿನ್ ತುದಿಯಲ್ಲಿ ಫಾಲೋವರ್ ಕಾಣುವುದನ್ನು ಖಚಿತ ಮಾಡಿಕೊಳ್ಳಿ. ಸ್ಕ್ರೂ ತಲೆಗಳು ಜಖಂ ಆಗಿದ್ದರೆ ಅರೆಬರೆ ಕಲಿತ ಯಾರೋ ಒಳಗೆ ಕೈ ಹಾಕಿದ್ದಾರೆ ಎಂದರ್ಥ. ಹ್ಯಾಮರ್ ಪೂರ್ತಿ ಎಳೆದು ಹೆಬ್ಬೆರಳಿನಿಂದ ಹಿಂದಿನಿಂದ ಗಟ್ಟಿಯಾಗಿ ಒತ್ತಿ. ಟ್ರಿಗರ್ ಮುಟ್ಟದೆ ಬಿದ್ದರೆ ಆ ರೈಫಲ್ ಕೆಳಗಿಡಿ. ಅರ್ಧ ಎಳೆದ ಕಚ್ಚೂ ಹೀಗೇ ಗಟ್ಟಿ ನಿಲ್ಲಬೇಕು. ಮ್ಯಾಗಜಿನ್ ಕೊಳವೆಯ ಮೇಲೆ ಬೆರಳು ಓಡಿಸಿ; ಕಣ್ಣಿಗೆ ಕಾಣದ ತಗ್ಗೂ ಫಾಲೋವರನ್ನು ಹಿಡಿಯುತ್ತದೆ.

ಆಮೇಲೆ ಮದ್ದು, ಪ್ರೈಮರ್ ಇಲ್ಲದ ಹತ್ತು ಡಮ್ಮಿ ತೋಟಾ ತುಂಬಿ. ಇವನ್ನು ಮನೆಯಿಂದಲೇ ಒಯ್ಯಿರಿ. ಮೊದಲ ಸಲ ನಿಧಾನವಾಗಿ, ಎರಡನೇ ಸಲ ಪಂದ್ಯದ ವೇಗದಲ್ಲಿ ಓಡಿಸಿ. ನಿಧಾನದಲ್ಲಿ ಸಿಕ್ಕಿಕೊಂಡರೆ ಹೊಂದಾಣಿಕೆಯ ದೋಷ, ವೇಗದಲ್ಲಿ ಮಾತ್ರವಾದರೆ ಬಹುಮಟ್ಟಿಗೆ ಸ್ಪ್ರಿಂಗ್ ದಣಿದಿದೆ. 73ರಲ್ಲಿ ಕ್ಯಾರಿಯರ್ ಪೂರ್ತಿ ಮೇಲೆ ಬಂದು ನಿಲ್ಲುತ್ತದೆಯೇ ನೋಡಿ. ಲಿವರನ್ನು ರಭಸದಿಂದ ಬಡಿದು ಬಡಿದು ಲಿಫ್ಟರ್ ತೋಳು ಬಾಗಿದ್ದರೆ, ಬಿರುಕು ಬಿಟ್ಟಿದ್ದರೆ ಅಲ್ಲಿ ಗೊತ್ತಾಗುತ್ತದೆ.

ಕಣ್ಣು ಮುಚ್ಚಿ ರೈಫಲ್ ಭುಜಕ್ಕೇರಿಸಿ, ಕಣ್ಣು ಬಿಟ್ಟಾಗ ಸೈಟ್ ನೇರ ಕಾಣಬೇಕು. ಕೆನ್ನೆ ಎತ್ತಬೇಕಾಗಿ ಬಂದರೆ, ಕತ್ತು ಚಾಚಬೇಕಾಗಿ ಬಂದರೆ ಬಟ್ (ಭುಜಕ್ಕೊತ್ತುವ ಹಿಂಭಾಗ) ನಿಮ್ಮ ಅಳತೆಯದಲ್ಲ. ಅರ್ಧಚಂದ್ರದ ಉಕ್ಕಿನ ಬಟ್ ಚೆಲುವಾಗಿದ್ದರೂ ಅದು ಕೂರುವುದು ಭುಜದ ಗುಳಿಯಲ್ಲಲ್ಲ, ತೋಳಿನ ಮೇಲ್ಭಾಗದಲ್ಲಿ. ಅಭ್ಯಾಸವಿಲ್ಲದವರಿಗೆ ಚಪ್ಪಟೆ ಬಟ್ ಲೇಸು.

ಸ್ಪ್ರಿಂಗ್ ಹಗುರ ಮಾಡಿಸುವ ಆತುರ ಬೇಡ. ಹ್ಯಾಮರನ್ನು ಓಡಿಸುವ ಮೇನ್ ಸ್ಪ್ರಿಂಗ್ ಅತಿ ಹಗುರಾದರೆ ಪ್ರೈಮರ್ ಹಾರುವುದಿಲ್ಲ, ಮೆತ್ತನೆಯ ಫೆಡರಲ್ ಪ್ರೈಮರ್ ಬಿಟ್ಟು ಬೇರೆ ಹಾಕಲಾರದ ಸ್ಥಿತಿ ಬರುತ್ತದೆ. ಮೊದಲ 500 ಗುಂಡು ಇದ್ದಂತೆಯೇ ಹಾರಿಸಿ, ಯಾವುದು ನಿಜವಾಗಿ ಅಡ್ಡಿ ಎಂದು ನೋಡಿ. ಲಿವರಿಗೆ ಚರ್ಮದ ಪಟ್ಟಿ ಸುತ್ತುವುದು ಮಾತ್ರ ಮೊದಲ ದಿನವೇ ಆಗಲಿ, ಇಲ್ಲವಾದರೆ ಸಂಜೆಗೆ ಬೆರಳ ಗಂಟುಗಳ ಚರ್ಮ ಎದ್ದಿರುತ್ತದೆ.

ಮೊದಲ ಸಲ ಜೀವಂತ ತೋಟಾ ತುಂಬುವಾಗ ಎರಡೇ ಹಾಕಿ, ಆಮೇಲೆ ಐದು, ಆಮೇಲೆ ಹತ್ತು. ತೋಟಾ ತುಂಬುವ ಗೇಟ್ ಹೆಬ್ಬೆರಳನ್ನು ಕಚ್ಚದಂತೆ ಪ್ರತಿ ತೋಟಾದ ತುದಿ ತುಸು ಹೊರಗುಳಿಸಿ, ಮುಂದಿನ ತೋಟಾದಿಂದಲೇ ಅದನ್ನು ದೂಡಿ. ಹಾರಿಸುವಾಗ ಸದ್ದು ಎಂದಿನಂತಿರದೆ ‘ಪುಸ್’ ಎಂದರೆ ಲಿವರ್ ಮತ್ತೆ ಎಳೆಯಬೇಡಿ. 20 ಇಂಚಿನ ನಳಿಕೆಯಲ್ಲಿ ಮೆತ್ತನೆಯ ಗುಂಡು ಸಿಕ್ಕಿಕೊಂಡಿರಬಹುದು. ರೈಫಲ್ ಖಾಲಿ ಮಾಡಿ, ಹಿತ್ತಾಳೆ ಸರಳು ಹಾಕಿ ನಳಿಕೆ ತೆರವಾಗಿದೆ ಎಂದು ನೋಡಿದ ಮೇಲೆಯೇ ಮುಂದಿನ ಗುಂಡು.