ವೀಸಾ ದುಡ್ಡು ಕಟ್ಟುವ ಮುಂಚೆ

ಮಗಳನ್ನು ಆಸ್ಟ್ರೇಲಿಯಾಗೆ ಓದಲು ಕಳಿಸಬೇಕಿತ್ತು. ಶ್ರೀನಿವಾಸಪುರದ ತೋಟದ ಮಾವಿನ ದುಡ್ಡು ಕೈಗೆ ಬರಲಿ ಅಂತ ಕಾದೆ. ಅಷ್ಟರಲ್ಲಿ 2024ರ ಜುಲೈ 1 ಬಂತು. 710 ಆಸ್ಟ್ರೇಲಿಯಾ ಡಾಲರ್ ಇದ್ದ ವಿದ್ಯಾರ್ಥಿ ವೀಸಾ ಫೀಸು ಒಂದೇ ಏಟಿಗೆ 1,600 ಆಯಿತು! ಮರುವರ್ಷ ಅದೇ ದಿನ 2,000.

ಹಾಗಾಗಿ ಫೀಸನ್ನು ಆ ದೇಶದ ಸರ್ಕಾರಿ ವೆಬ್‌ಸೈಟಿನಲ್ಲೇ ನೋಡಿ. ಆಸ್ಟ್ರೇಲಿಯಾದಲ್ಲಿ ದರ ಏರುವುದು ಜಾಸ್ತಿ ಜುಲೈ 1ಕ್ಕೇ. ಕಾಗದಪತ್ರ ಸಿದ್ಧವಿದ್ದರೆ ಜೂನ್‌ನಲ್ಲೇ ಅರ್ಜಿ ಹಾಕಿಬಿಡಿ, ಮಾವಿಗೆ ಕಾಯಬೇಡಿ. ಆರೋಗ್ಯ ವಿಮೆ, ಮೆಡಿಕಲ್ ತಪಾಸಣೆ, ಕಾರ್ಡ್ ಶುಲ್ಕ ಎಲ್ಲ ಬೇರೆ. ವೀಸಾ ಸಿಗದಿದ್ದರೂ ಅರ್ಜಿ ಫೀಸು ವಾಪಸ್ ಬರುವುದಿಲ್ಲ.

ಕೋಲಾರದ ಏಜೆಂಟ್ ಒಬ್ಬರು 'ಎಲ್ಲಾ ಸೇರಿ ಇಷ್ಟು ಸಾರ್' ಅಂದರು. ನಾನು ಸುಮ್ನೆ ಕೊಟ್ಟೆ. ದಡ್ಡತನ ಅಲ್ವಾ? ನೀವು ಸರ್ಕಾರಿ ಫೀಸಿನ ರಸೀದಿ ಬೇರೆ, ಅವರ ಕಮಿಷನ್ ಬೇರೆ ಬರೆಸಿಕೊಳ್ಳಿ.